ಹಿಂದಿನ ಸೀಟು ಖಾಲಿ ಇರಬಾರದು

ಖಾನಾಪುರದಲ್ಲಿ ಹಾರ್ನ್ ಕೇಳಿಸಿದರೆ ಯಾರೋ ನಮ್ಮನ್ನು ಕರೆಯುತ್ತಿದ್ದಾರೆ ಎಂದರ್ಥ. ಹಾಗಾಗಿ ಬೆಳಗಾವಿಗೆ ಬಂದ ಮೊದಲ ವಾರ ನಾನು ಪ್ರತಿಯೊಂದು ಹಾರ್ನಿಗೂ ತಿರುಗಿ ನೋಡಿದೆ. ರಾಮತೀರ್ಥ ನಗರದ ಬಾಡಿಗೆ ಕೋಣೆಯಿಂದ ಕಾಲೇಜಿಗೆ ಹೋಗುವ ಇಪ್ಪತ್ತು ನಿಮಿಷದ ದಾರಿಯಲ್ಲಿ ಅಷ್ಟೊಂದು ಜನ ನನ್ನ ಪರಿಚಯದವರು ಇರಲು ಸಾಧ್ಯವಿಲ್ಲ ಎಂದು ಗೊತ್ತಿದ್ದರೂ ಕತ್ತು ತಾನಾಗಿಯೇ ತಿರುಗುತ್ತಿತ್ತು. ಒಮ್ಮೆ ಆಟೋದವನೊಬ್ಬ ನನ್ನ ಸ್ಕೂಟರಿನ ಪಕ್ಕಕ್ಕೆ ಬಂದು ಮರಾಠಿಯಲ್ಲಿ ಬೈದ. ನಾನು ನಕ್ಕದ್ದು ನೋಡಿ, ಇವಳಿಗೆ ತಿಳಿಯಲಿಲ್ಲ ಎಂದುಕೊಂಡು, ಅಷ್ಟನ್ನೂ ಕನ್ನಡದಲ್ಲಿ ಮೊದಲಿನಿಂದ ಬೈದ. ನಮ್ಮ ಊರಿನವರಿಗೆ ಎರಡೂ ತಿಳಿಯುತ್ತವೆ. ಆದರೆ ಅಷ್ಟು ಕಷ್ಟಪಟ್ಟವನಿಗೆ ಅದನ್ನು ಹೇಳುವುದು ಸರಿಯಲ್ಲ ಅನ್ನಿಸಿ, ಎರಡನೇ ಸಲ ಮುಖ ಸಪ್ಪಗೆ ಮಾಡಿಕೊಂಡೆ.

ಕಾಲೇಜಿನಲ್ಲಿ ನಾನು ಇತಿಹಾಸ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ಹೇಳುವವಳು. ಈ ಬರಹದಲ್ಲಿ ಆ ಒಬ್ಬನೇ ಸಾಕ್ಷಿ ನಾನೇ. ದಿನಚರಿ ಬರೆಯುವ ಅಭ್ಯಾಸ ಇದೆ ನಿಜ, ಆದರೆ ಆ ದಿನಗಳ ಪುಟಗಳಲ್ಲಿ ಮೂರು ನಾಲ್ಕು ಸಾಲಿಗಿಂತ ಹೆಚ್ಚಿಲ್ಲ. ಅಕ್ಷರಗಳೂ ಸ್ಕೂಟರಿನ ಮೇಲೆ ಕೂತು ಬರೆದಂತೆ ಕುಣಿಯುತ್ತವೆ.

ಆಗಿನ ಖುಷಿ ಮಾತ್ರ ಚೆನ್ನಾಗಿ ನೆನಪಿದೆ. ಬಸ್ ನಿಲ್ದಾಣದ ಹತ್ತಿರದ ವೃತ್ತದಲ್ಲಿ ಕೆಂಪು ದೀಪದ ಕೆಳಗೆ ಅಂಕಿಗಳು ಒಂದೊಂದಾಗಿ ಇಳಿಯುವುದು, ಐದು ಎನ್ನುವಷ್ಟರಲ್ಲಿ ಎಲ್ಲರೂ ಗಾಡಿ ಗುರುಗುಟ್ಟಿಸುವುದು, ಮೂರಕ್ಕೇ ಅರ್ಧ ಜನ ಹೊರಟುಬಿಡುವುದು. ನನಗೆ ಅದು ಜಾರುಬಂಡೆಯ ತುದಿಯಲ್ಲಿ ಕೂತಂತೆ ಇರುತ್ತಿತ್ತು. ಒಂದು ಸಂಜೆ ಕೆಲಸವೇ ಇಲ್ಲದೆ ಆ ವೃತ್ತವನ್ನು ಮೂರು ಸುತ್ತು ಹಾಕಿದೆ. ನಾಲ್ಕನೆಯದಕ್ಕೆ ಪೊಲೀಸಪ್ಪ ಸೀಟಿ ಹೊಡೆದು, ಪ್ರದಕ್ಷಿಣಿ ಮುಗಿತೇನ್ರಿ ಎಂದು ಕೇಳಿದ.

ಒಂದು ವಿಷಯಕ್ಕೆ ಮಾತ್ರ ನಾನು ಒಗ್ಗಿಕೊಳ್ಳಲಿಲ್ಲ. ನಮ್ಮಲ್ಲಿ ಹಿಂದಿನ ಸೀಟು ಖಾಲಿ ಬಿಟ್ಟುಕೊಂಡು ಹೋಗುವುದು ಸೊಕ್ಕಿನ ಲಕ್ಷಣ. ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ನಿಲ್ಲಿಸಬೇಕು, ಕುಂದರ್ರಿ ಎನ್ನಬೇಕು, ಅಷ್ಟೇ. ಎಲ್ಲಿಗೆ ಎಂದು ಕೇಳುವಂತಿಲ್ಲ. ಕೇಳಿದರೆ ಲೆಕ್ಕ ಹಾಕುತ್ತಿದ್ದೇವೆ ಎಂದಾಗುತ್ತದೆ. ಇರುವುದು ಒಂದೇ ರಸ್ತೆ, ತಮ್ಮ ಜಾಗ ಬಂದಾಗ ಅವರೇ ಹೆಗಲು ತಟ್ಟುತ್ತಾರೆ. ಅಪ್ಪ ನನಗೆ ಗಾಡಿ ಕಲಿಸಿದಾಗ ಬ್ರೇಕಿಗಿಂತ ಮೊದಲು ಕಲಿಸಿದ್ದು ಇದನ್ನು. ಬೆಳಗಾವಿಯಲ್ಲಿ ಸಾವಿರಾರು ಸೀಟುಗಳು ಖಾಲಿ ಓಡುತ್ತಿದ್ದವು. ನೋಡಿ ನನಗೇ ನಾಚಿಕೆಯಾಗುತ್ತಿತ್ತು.

ಇನ್ನು ಆ ಭಾನುವಾರದ ಕಥೆ. ಅಕ್ಕನಿಗೆ ಏಳು ತಿಂಗಳು ತುಂಬಿ, ಅವಳ ಗಂಡನ ಮನೆಯಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಇತ್ತು. ಅವಳ ಗಂಡನ ಮನೆಯೂ ಖಾನಾಪುರದಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಬಸುರಿಗೆ ತವರಿನವರು ಹಸಿರು ಸೀರೆ ಕುಬಸ ತರಬೇಕು, ಅದನ್ನು ಉಡಿಸಿದ ಮೇಲೆಯೇ ಉಡಿ ತುಂಬುವುದು. ಪೇಟೆಯಲ್ಲಿ ಕೊಂಡುಬಿಟ್ಟರಾಯಿತು ಎಂದು ಅವ್ವ ಅಂದಿದ್ದಳು. ಹೊಸದಾಗಿ ಊರು ಕಂಡ ಹುರುಪಿನಲ್ಲಿ ನಾನೇ, ವಡಗಾವಿಯಲ್ಲಿ ನೇಕಾರರೊಬ್ಬರಿದ್ದಾರೆ, ಅಕ್ಕನಿಗೆಂದೇ ನೇಯಿಸುತ್ತೇನೆ, ಸೀರೆಯ ಚಿಂತೆ ನನಗಿರಲಿ ಎಂದು ಒಪ್ಪಿಕೊಂಡಿದ್ದೆ. ಸೀರೆ ಭಾನುವಾರ ಬೆಳಗ್ಗೆ ಮಗ್ಗದಿಂದ ಇಳಿಯುವುದಿತ್ತು. ಮಠದ ಅಯ್ಯನವರು ಹನ್ನೆರಡಕ್ಕೆ ಬಂದು, ಹನ್ನೆರಡೂವರೆಗೆ ಇನ್ನೊಂದು ಊರಿಗೆ ಹೊರಡುವವರಿದ್ದರು. ಅಕ್ಕನ ಅತ್ತೆ ಒಳ್ಳೆಯವರು, ಆದರೆ ಯಾವುದನ್ನೂ ಮರೆಯುವವರಲ್ಲ. ತವರಿನ ಸೀರೆ ತಡವಾಯಿತು ಎಂಬ ಒಂದು ಮಾತು ಹುಟ್ಟಿದರೆ ಅದು ಕೂಸಿನ ಮದುವೆಯವರೆಗೂ ಬದುಕಿರುತ್ತದೆ ಎಂದು ಅಕ್ಕ ಫೋನಿನಲ್ಲಿ ನಕ್ಕುಕೊಂಡೇ ಹೇಳಿದ್ದಳು. ಆ ನಗು ನನಗೆ ಹೆದರಿಕೆ ಹುಟ್ಟಿಸಿತ್ತು.

ಒಂಬತ್ತೂವರೆಗೆ ಹೊರಟೆ. ವೃತ್ತ ದಾಟಿ, ಮೇಲ್ಸೇತುವೆ ಇಳಿದು, ಶಹಾಪುರದ ಗದ್ದಲದಲ್ಲಿ ಸಾಗುತ್ತಿದ್ದಾಗ ರಸ್ತೆಯ ಅಂಚಿನಲ್ಲಿ ಒಬ್ಬ ಆಯಿ ಕೈ ಎತ್ತಿ ನಿಂತಿದ್ದರು. ಅರವತ್ತು ದಾಟಿದ ವಯಸ್ಸು, ಹಣೆ ತುಂಬ ಕುಂಕುಮ, ಕಂಕುಳಲ್ಲಿ ಸ್ಟೀಲಿನ ಡಬ್ಬಿ. ನಾನು ನಿಲ್ಲಿಸಿದೆ. ನನ್ನ ಹಿಂದೆ ಒಂದು ಟೆಂಪೋ, ಎರಡು ಆಟೋ, ಲೆಕ್ಕವಿಲ್ಲದಷ್ಟು ಬೈಕುಗಳು ನಿಂತವು. ಎಲ್ಲವೂ ಒಟ್ಟಿಗೆ ಹಾರ್ನ್ ಬಾರಿಸತೊಡಗಿದವು.

"ಕುಂದರ್ರಿ ಆಯಿ, ಲಗೂನ ಕುಂದರ್ರಿ," ಎಂದೆ.

ಆಯಿ ನನ್ನನ್ನು ನೋಡಿದರು, ಟೆಂಪೋ ನೋಡಿದರು, ಕೂತರು.

ಆಗ ಅವರ ಮುಖದಲ್ಲಿ ಆಶ್ಚರ್ಯ ಇತ್ತು ಎಂದು ಈಗ ಅನ್ನಿಸುತ್ತದೆ. ಅದು ನಿಜವಾಗಿ ಇತ್ತೋ, ಮುಂದೆ ತಿಳಿದದ್ದರಿಂದ ನಾನೇ ಆ ಮುಖಕ್ಕೆ ಹಚ್ಚಿದೆನೋ ಹೇಳಲಾರೆ. ನನ್ನ ಮನಸ್ಸು ಸೀರೆಯಲ್ಲಿತ್ತು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಿಂದ ನನ್ನ ಹೆಗಲು ಹಿಡಿದು ಆಯಿ ಗಟ್ಟಿಯಾಗಿ ಕೂತಿದ್ದರು. ಹಿಂದಿನ ಸೀಟು ತುಂಬಿದೆ ಎಂಬ ಸಮಾಧಾನದಲ್ಲಿ ನಾನು ಎರಡು ತಿರುವು ದಾಟಿ ವಡಗಾವಿಯ ಹತ್ತಿರ ಬಂದುಬಿಟ್ಟೆ. ಹೆಗಲು ತಟ್ಟಲಿಲ್ಲವಲ್ಲ ಎಂದು ನೆನಪಾದದ್ದು ಆಗ. ಗಾಡಿ ಬದಿಗೆ ತೆಗೆದು, ಎಲ್ಲಿ ಇಳಿಸಬೇಕು ಎಂದು ಕೇಳಿದೆ.

"ಎಲ್ಲಿ ಇಳಸ್ತೀಯವಾ ತಂಗಿ," ಆಯಿ ಶಾಂತವಾಗಿ ಹೇಳಿದರು. "ನಾ ರಸ್ತೆ ದಾಟಾಕ ಕೈ ಮಾಡಿದ್ನಿ."

ಆಚೆ ಬದಿಗೆ ಹೋಗಿ ಪೀರನವಾಡಿಯ ಬಸ್ಸು ಹಿಡಿಯಬೇಕಿತ್ತಂತೆ. ಅಲ್ಲಿ ಮಗಳ ಮನೆ. ಡಬ್ಬಿಯಲ್ಲಿ ಮೊಮ್ಮಗಳಿಗೆಂದು ಕರ್ಚಿಕಾಯಿ. ಹಾಗಾದರೆ ಕೂತದ್ದು ಯಾಕೆ ಎಂದು ನಾನು ತೊದಲುತ್ತ ಕೇಳಿದ್ದಕ್ಕೆ, ನೀ ಅಷ್ಟು ಅವಸರಲೆ ಕುಂದರ್ರಿ ಅಂದಿ, ನನ್ನ ಸಲುವಾಗಿ ಎಲ್ಲಾರ ಗಾಡಿ ನಿಂತಾವ ಅಂತ ಕುಂತ್ನಿ ಎಂದರು. ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ಆಯಿಗೂ ಬಂತು. ಇಬ್ಬರೂ ರಸ್ತೆಬದಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಸೀರೆ, ಅಕ್ಕ, ಅಯ್ಯನವರು, ಹನ್ನೆರಡು ಗಂಟೆ. ಪೀರನವಾಡಿ ಹೇಗೂ ಖಾನಾಪುರದ ದಾರಿಯಲ್ಲೇ ಇದೆ, ಸೀರೆ ತೆಗೆದುಕೊಂಡು ನಿಮ್ಮನ್ನು ಮಗಳ ಬಾಗಿಲಲ್ಲಿ ಇಳಿಸಿಯೇ ಮುಂದೆ ಹೋಗುತ್ತೇನೆ ಎಂದು ಮಾತು ಕೊಟ್ಟೆ. ಈ ಮಾತು ಕೊಟ್ಟದ್ದರಲ್ಲಿ ಸಂಶಯವಿಲ್ಲ. ದಿನಚರಿಯಲ್ಲೂ ಇದೆ.

ವಡಗಾವಿಯ ಓಣಿಗಳು ನನಗೆ ಒಂದರಂತೆ ಇನ್ನೊಂದು ಕಂಡವು. ಹಿಂದೆ ಎರಡು ಸಲ ಬಂದಿದ್ದರೂ ನೇಕಾರರ ಮನೆಯ ಗುರುತು ನಾನು ಇಟ್ಟುಕೊಂಡದ್ದು ಒಳಗಿನಿಂದ ಬರುವ ಮಗ್ಗದ ಸದ್ದನ್ನು. ಇಲ್ಲಿ ನೋಡಿದರೆ ಪ್ರತಿ ಮನೆಯೂ ಅದೇ ಸದ್ದು ಮಾಡುತ್ತಿತ್ತು. ಫೋನ್ ಹಚ್ಚಿದೆ, ಹಚ್ಚುತ್ತಲೇ ಇದ್ದೆ, ಯಾರೂ ಎತ್ತಲಿಲ್ಲ. ಅಷ್ಟು ಸದ್ದಿನ ನಡುವೆ ಕೂತ ಮನುಷ್ಯನಿಗೆ ಫೋನ್ ಕೇಳುವುದಾದರೂ ಹೇಗೆ? ಹತ್ತೂ ಮುಕ್ಕಾಲಾಯಿತು. ಎರಡು ಓಣಿಗಳನ್ನು ಎರಡೆರಡು ಸಲ ಸುತ್ತಿದ ಮೇಲೆ ಆಯಿ ನನ್ನ ಹೆಗಲು ತಟ್ಟಿದರು. ಮದುವೆಗೆ ಮುಂಚೆ ಇದೇ ಓಣಿಗಳಲ್ಲಿ ಕಂಡಿಕೆಗೆ ನೂಲು ಸುತ್ತುವ ಕೆಲಸ ಮಾಡಿದವರಂತೆ ಅವರು. ನೇಕಾರರು ಹೇಗಿದ್ದಾರೆ ಎಂದು ಕೇಳಿದರು. ಎತ್ತರ, ಕನ್ನಡಕ, ಬಾಗಿಲಲ್ಲಿ ತುಳಸಿ ಎಂದೆ. ತುಳಸಿ ಎಲ್ಲಾರ ಮನಿ ಮುಂದೂ ಐತಿ, ಹಸಿರು ಬಣ್ಣದ ನೂಲು ಯಾರ ಅಂಗಳದಾಗ ಹರವ್ಯಾರ ನೋಡು ಎಂದರು. ಮೂರನೆಯ ತಿರುವಿನಲ್ಲಿ ಹಗ್ಗದ ಮೇಲೆ ಹಸಿರು ನೂಲಿನ ಲಡಿಗಳು ತೂಗುತ್ತಿದ್ದವು.

ಸೀರೆ ಮಗ್ಗದಿಂದ ಇಳಿದಿತ್ತು, ಸೆರಗಿನ ಎಳೆಗಳಿಗೆ ಗಂಟು ಹಾಕಿರಲಿಲ್ಲ. ಆಯಿ ನೇಕಾರರ ಹೆಂಡತಿಯ ಎದುರು ಕೂತು ಒಂದು ತುದಿಯಿಂದ ಗಂಟು ಹಾಕತೊಡಗಿದರು, ಆಕೆ ಇನ್ನೊಂದು ತುದಿಯಿಂದ. ನಡುವೆ ಸೇರುವ ಹೊತ್ತಿಗೆ ಹನ್ನೊಂದೂ ಕಾಲು. ನಾನು ಮಾಡಿದ ಸಹಾಯವೆಂದರೆ ಗಡಿಯಾರ ನೋಡಿದ್ದು.

ಅಲ್ಲಿಂದ ಮುಂದೆ ನನ್ನ ನೆನಪು ಗಾಡಿಯಷ್ಟೇ ವೇಗವಾಗಿ ಓಡುತ್ತದೆ. ಸೀರೆಯ ಗಂಟನ್ನು ಆಯಿ ಡಬ್ಬಿಯ ಮೇಲಿಟ್ಟು ಅಪ್ಪಿಕೊಂಡಿದ್ದರು. ರೈಲ್ವೆ ಗೇಟು ಹಾಕಿತ್ತು. ಹಾದು ಹೋದ ಗೂಡ್ಸ್ ಗಾಡಿಗೆ ಎಷ್ಟು ಡಬ್ಬಿಗಳಿದ್ದವು ಎಂದು ನಾವಿಬ್ಬರೂ ಗಟ್ಟಿಯಾಗಿ ಎಣಿಸಿದೆವು, ನನ್ನ ಎಣಿಕೆಗೂ ಅವರ ಎಣಿಕೆಗೂ ತಾಳೆಯಾಗಲಿಲ್ಲ. ಗೇಟು ತೆಗೆದಾಗ ಎರಡೂ ಕಡೆಯ ಜನ ಒಟ್ಟಿಗೆ ನುಗ್ಗಿದರು. ಎದುರಿನಿಂದ ಬಂದವರ ನಡುವೆ ಹೇಗೆ ಹಾದು ಹೋದೆನೋ. ಬಲಕ್ಕೆ ನಡಿ, ಎಡಕ್ಕೆ ಐತಿ ಸಂದಿ, ಹಾಕು ಹಾಕು ಎಂದು ಹಿಂದಿನಿಂದ ಆಯಿ ಹೇಳುತ್ತಿದ್ದರು. ಹಾರ್ನುಗಳಿಗೆ ನಾನು ತಿರುಗಿ ನೋಡಲಿಲ್ಲ. ಅವತ್ತು ಮೊದಲ ಬಾರಿಗೆ ನಾನೇ ಹಾರ್ನ್ ಬಾರಿಸಿದೆ. ಒಮ್ಮೆ ಬಾರಿಸಿದ ಮೇಲೆ ಬಿಡಲು ಮನಸ್ಸಾಗಲಿಲ್ಲ.

ಪೀರನವಾಡಿ ಬಂತು. ನೆನಪಿನಲ್ಲಿ ನಾನು ಪದೇ ಪದೇ ಹಿಂತಿರುಗುವ ಜಾಗ ಇದು. ನಾನು ಎಲ್ಲರಿಗೂ ಹೇಳಿಕೊಂಡು ಬಂದಿರುವ ಕಥೆ ಹೀಗಿದೆ: ಮಗಳ ಓಣಿಯ ತಿರುವು ಕಂಡಾಗ ನಾನು ವೇಗ ಇಳಿಸಿದೆ, ಆಯಿ ನನ್ನ ಕಿವಿಯ ಹತ್ತಿರ ಬಾಗಿ, "ನಿಂದರಸಬ್ಯಾಡ, ನಡಿ. ಬಸುರಿ ಕಾಯಾಕ ಹತ್ಯಾಳ," ಎಂದರು. ಈ ಮಾತು ನನಗೆ ಅವರದೇ ದನಿಯಲ್ಲಿ ಕೇಳಿಸುತ್ತದೆ. ಆದರೆ ಆ ರಾತ್ರಿಯ ದಿನಚರಿಯಲ್ಲಿ ಇರುವುದು ಒಂದೇ ಸಾಲು: "ಪೀರನವಾಡಿ ದಾಟಿದಾಗ ಹನ್ನೊಂದು ನಲವತ್ತು." ಇಷ್ಟು ಒಳ್ಳೆಯ ಮಾತನ್ನು ಅವತ್ತೇ ಕೇಳಿದ್ದರೆ ನಾನು ಬರೆಯದೆ ಬಿಡುತ್ತಿದ್ದೆನೆ? ಆಯಿ ಹೆಗಲು ತಟ್ಟಿದ್ದರೂ ಸೀರೆಯ ಗುಂಗಿನಲ್ಲಿ ನಾನು ಹಾಗೇ ಹೋಗಿಬಿಟ್ಟೆನೆ? ಆಮೇಲೆ ನಾಚಿಕೆಗೆ ಈ ಮಾತನ್ನು ಅವರ ಬಾಯಲ್ಲಿ ಇಟ್ಟೆನೆ? ವಿದ್ಯಾರ್ಥಿಯೊಬ್ಬ ಇಂಥ ಆಧಾರ ತಂದರೆ ನಾನು ಅಂಕ ಕೊಡುವುದಿಲ್ಲ.

ಖಾನಾಪುರ ಮುಟ್ಟಿದಾಗ ಹನ್ನೆರಡು ಹತ್ತು. ಅಯ್ಯನವರು ಆಗಷ್ಟೇ ಕಾಲು ತೊಳೆದು ಒಳಗೆ ಬಂದಿದ್ದರು. ಅಕ್ಕ ಹಳೆಯ ಸೀರೆಯಲ್ಲಿ ಒಳಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನನ್ನು ನೋಡಿ ಬಿಗಿಹಿಡಿದ ಉಸಿರನ್ನು ಬಿಟ್ಟಳು. ಅವ್ವ ಸೀರೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಆಯಿ ಅದನ್ನು ಬಿಚ್ಚಿ, ಅಕ್ಕನನ್ನು ಒಳಗೆ ಕರೆದೊಯ್ದು, ಐದೇ ನಿಮಿಷದಲ್ಲಿ ನಿರಿಗೆ ಹಿಡಿದು ಉಡಿಸಿ ಕರೆತಂದರು. ಗಂಟುಗಳ ಸೆರಗು ಅಕ್ಕನ ಹೊಟ್ಟೆಯ ಮೇಲೆ ಇಳಿದಿತ್ತು. ಅಕ್ಕನ ಅತ್ತೆ ಬಂದು ಸೆರಗನ್ನು ಬೆರಳಿನಿಂದ ಸವರಿದರು. ಛಲೋ ಐತಿ ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಆಯಿ ಯಾರೆಂದು ಯಾರೂ ಕೇಳಲಿಲ್ಲ. ನಮ್ಮವರು ಅವರನ್ನು ಅಳಿಯನ ಕಡೆಯವರು ಎಂದುಕೊಂಡರು, ಅಳಿಯನ ಮನೆಯವರು ನಮ್ಮ ಕಡೆಯವರು ಎಂದುಕೊಂಡರು. ಉಡಿ ತುಂಬಿದ ಮುತ್ತೈದೆಯರಲ್ಲಿ ಆಯಿಯೂ ಒಬ್ಬರಾದರು. ಬರಿಗೈಯಲ್ಲಿ ಬಂದಂತಾಗಬಾರದು ಎಂದು ಮೊಮ್ಮಗಳ ಕರ್ಚಿಕಾಯಿಯ ಡಬ್ಬಿಯನ್ನು ತವರಿನ ಬುತ್ತಿಯ ಸಾಲಿನಲ್ಲಿ ಇಟ್ಟುಬಿಟ್ಟರು. ಅದೇ ಮೊದಲು ಖಾಲಿಯಾಯಿತು. ಇದಕ್ಕೆಲ್ಲ ಸಾಕ್ಷಿಯಾಗಿ ಫೋಟೋ ಇದೆ. ಅದರಲ್ಲಿ ಅಕ್ಕನ ಬಲಕ್ಕೆ ಆಯಿ ಇದ್ದಾರೆ, ನಾನು ಮೂಲೆಯಲ್ಲಿ ಅರ್ಧ ಕತ್ತರಿಸಿ ಹೋಗಿದ್ದೇನೆ. ಆಯಿಯ ಎಲೆ ಅಡಿಕೆಯ ಸಂಚಿಯಲ್ಲಿದ್ದ ಚೀಟಿಯ ನಂಬರ್ ನೋಡಿ ಅವರ ಮಗಳಿಗೆ ಫೋನ್ ಮಾಡಿದೆ. ನಿಮ್ಮ ತಾಯಿ ಖಾನಾಪುರದಲ್ಲಿ ಊಟ ಮಾಡುತ್ತಿದ್ದಾರೆ ಎಂದದ್ದಕ್ಕೆ ಆಕೆ ನಾಲ್ಕು ಸಲ ಹಾಂ ಎಂದಳು.

ನಾಲ್ಕು ಗಂಟೆಗೆ ಅವರನ್ನು ಪೀರನವಾಡಿಗೆ ಕರೆತಂದೆ. ಖಾಲಿ ಡಬ್ಬಿಯಲ್ಲಿ ಅಕ್ಕನ ಅತ್ತೆ ಹೋಳಿಗೆ ತುಂಬಿ ಕಳಿಸಿದ್ದರು. ಮಗಳು ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಎಲ್ಲಿ ಹೋಗಿದ್ದಿಬೇ ಯವ್ವಾ?"

"ಕುಬಸಕ್ಕ."

"ಯಾರ ಕುಬಸಕ್ಕ?"

ಆಯಿ ನನ್ನ ಕಡೆ ತಿರುಗಿದರು. "ಯಾರದವಾ ತಂಗಿ?"

ನಮ್ಮ ಅಕ್ಕನದು ಎಂದೆ. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅವಳೂ ನಗತೊಡಗಿ, ಚಹಾಕ್ಕೆ ಇಡಲು ಒಳಗೆ ಹೋದಳು. ಈಗ ಕೇಳದಿದ್ದರೆ ಇನ್ನು ಕೇಳಲಾರೆ ಎನಿಸಿತು.

"ಆಯಿ, ಮುಂಜಾನೆ ಇಲ್ಲೆ ನಿಂದರಸಬ್ಯಾಡ ಅಂದ್ರಿ, ಹೌದಿಲ್ರಿ?"

ಅವರು ಡಬ್ಬಿಯ ಮುಚ್ಚಳ ತೆಗೆದು ಹೋಳಿಗೆ ಎಷ್ಟಿವೆ ಎಂದು ನೋಡುತ್ತಿದ್ದರು. "ಅಂದಿರಬೇಕವಾ," ಎಂದರು. "ಆ ಗಾಳ್ಯಾಗ ನಾ ಅಂದದ್ದು ನನಗ ಕೇಳಿಲ್ಲ."

ಚಹಾ ಕುಡಿದು ಹೊರಟೆ. ಬೆಳಗಾವಿಯೊಳಗೆ ಬರುವಷ್ಟರಲ್ಲಿ ಸಂಜೆಯ ಗಾಡಿಗಳು ರಸ್ತೆ ತುಂಬಿದ್ದವು. ವೃತ್ತದಲ್ಲಿ ಕೆಂಪು ದೀಪ ಬಿತ್ತು, ಅಂಕಿಗಳು ಇಳಿಯತೊಡಗಿದವು. ಹಿಂದಿನಿಂದ ಯಾರೋ ಹಾರ್ನ್ ಬಾರಿಸಿದರು. ನಾನು ತಿರುಗಿ ನೋಡಿದೆ.