ತುಂಬಿದ ಕಾರ್ಡು

ಇವತ್ತು ಬೆಳಿಗ್ಗೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ಬಂದ ವಾಸನೆಯಿಂದ ಶುರುಮಾಡುತ್ತೇನೆ. ಕುಚ್ಚಲಕ್ಕಿಯ ವಾಸನೆ ನಿಮಗೆ ಗೊತ್ತಿರಬಹುದು. ಒದ್ದೆ ಮಣ್ಣು, ಗೋಣಿಚೀಲ, ಸೌದೆ ಒಲೆ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ನಮ್ಮ ಮನೆಯಲ್ಲಿ ಈಗ ಆ ಅಕ್ಕಿಯನ್ನು ಉಣ್ಣುವವರಿಲ್ಲ. ನಾನು ಮೈಸೂರಿನವನು, ಆ ದಪ್ಪ ಅನ್ನ ನನ್ನ ಗಂಟಲಲ್ಲಿ ಇಳಿಯುವುದೇ ಇಲ್ಲ. ಆದರೂ ಡಬ್ಬಿಯ ಅರ್ಧದವರೆಗೆ ಅಕ್ಕಿ ಇದೆ, ಯಾಕೆಂದರೆ ಅದರೊಳಗೆ ಹತ್ತಿಬಟ್ಟೆ ಸುತ್ತಿಕೊಂಡು ಒಂದು ಕ್ಯಾಮೆರಾ ಮಲಗಿದೆ. ನಾವಿರುವುದು ಪನ್ವೇಲಿನ ಪಕ್ಕದ ಕಾಮೋಠೆಯಲ್ಲಿ. ಇಲ್ಲಿಯ ಮಳೆಗಾಲದಲ್ಲಿ ಬೂಷ್ಟು ಎನ್ನುವುದು ಗೋಡೆ, ಚಪ್ಪಲಿ, ಹಪ್ಪಳ ಯಾವುದನ್ನೂ ಬಿಡುವುದಿಲ್ಲ, ಇನ್ನು ಲೆನ್ಸನ್ನು ಬಿಟ್ಟೀತೇ? ಅಕ್ಕಿ ತೇವ ಹೀರುತ್ತದೆ ಎಂಬುದು ನನ್ನ ಹೆಂಡತಿ ಜಲಜಾಳ ಸಿದ್ಧಾಂತ. ಕ್ಯಾಮೆರಾದ ಪಟ್ಟಿಗೆ ಆ ವಾಸನೆ ಹಿಡಿದುಬಿಟ್ಟಿದೆ. ಕೊರಳಿಗೆ ಹಾಕಿಕೊಂಡರೆ ಅವಳು ಅಡುಗೆಮನೆಯಿಂದ ಈಗಷ್ಟೇ ಹೊರಗೆ ಬಂದಳೇನೋ ಅನ್ನಿಸುತ್ತದೆ.

ಜಲಜಾ ಹೋಗಿ ವರ್ಷದ ಮೇಲಾಯಿತು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡಂತಾಗುತ್ತಿದೆ ಎಂದಳು, ಸಂಜೆಯೊಳಗೆ ಎಲ್ಲ ಮುಗಿದಿತ್ತು. ಆ ಸಂಜೆಯ ಬಗ್ಗೆ ಬರೆಯುವುದಕ್ಕೆ ನನಗೆ ಮನಸ್ಸಿಲ್ಲ, ನೀವೂ ಒತ್ತಾಯ ಮಾಡಬೇಡಿ. ಕ್ಯಾಮೆರಾದ ಮಾತಾಡೋಣ.

ಅವಳು ಉಡುಪಿ ಕಡೆಯವಳು. ತಂಗಿಯ ಜತೆ ಫೋನಿನಲ್ಲಿ ತುಳು, ನನ್ನ ಜತೆ ಕನ್ನಡ, ತರಕಾರಿ ಮಾರುವ ಭಾಜಿವಾಲಿಯ ಜತೆ ಮರಾಠಿ, ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯನ್ನು ತರಾಟೆಗೆ ತೆಗೆದುಕೊಳ್ಳಲು ಹಿಂದಿ. ಫೋಟೊ ತೆಗೆಯುವಾಗ ಮಾತ್ರ ಯಾವ ಭಾಷೆಯೂ ಇಲ್ಲ. ಭಾನುವಾರ ಬೆಳಗಾದರೆ ಊರಿನ ಜನವೆಲ್ಲ ದೊಡ್ಡ ದೊಡ್ಡ ಲೆನ್ಸು ಹೊತ್ತು ಫ್ಲೆಮಿಂಗೊ ಹಕ್ಕಿ ಹುಡುಕಿಕೊಂಡು ಹಿನ್ನೀರಿನ ಖಾಡಿಯ ಕಡೆ ಓಡಿದರೆ, ಇವಳು ಕಬ್ಬಿಣ ಹುಡುಕಿಕೊಂಡು ಕಳಂಬೋಲಿಗೆ ಹೊರಡುತ್ತಿದ್ದಳು. ಅಲ್ಲಿಯ ಸ್ಟೀಲ್ ಮಾರ್ಕೆಟ್ಟು ವಾರವಿಡೀ ಕಿವಿ ಕಿತ್ತುಹೋಗುವಷ್ಟು ಗದ್ದಲ. ಭಾನುವಾರ ಮಾತ್ರ ಕ್ರೇನುಗಳು ಕತ್ತು ಬಗ್ಗಿಸಿ ನಿದ್ದೆ ಹೋಗಿರುತ್ತವೆ, ಸರಳುಗಳ ರಾಶಿಯ ನಡುವೆ ಮಂಜು ಓಡಾಡಿಕೊಂಡಿರುತ್ತದೆ. ಸೂರ್ಯ ಗೋದಾಮಿನ ತಗಡಿನ ಮೇಲೆ ಬಂದ ಗಳಿಗೆಗೆ ಸರಳುಗಳ ತುದಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ.

ನಾನು ಅವಳ ಚೀಲ ಹಿಡಿಯುವವನು. ವಾಶಿಯ ಒಂದು ವಿಮಾ ಕಚೇರಿಯಲ್ಲಿ ಜಖಂಗೊಂಡ ಕಾರುಗಳ ಫೋಟೊ ನೋಡುತ್ತಲೇ ತಲೆ ಬೆಳ್ಳಗಾದ ಮನುಷ್ಯ ನಾನು. ಬಂಪರಿನ ಗಾಯ ಹೊಸದೋ ಹಳೆಯದೋ ಹೇಳಬಲ್ಲೆ. ಫೋಟೊ ಅಂದರೆ ನನ್ನ ಮಟ್ಟಿಗೆ ಪುರಾವೆ. ಸುಮ್ಮನೆ ಬಿದ್ದುಕೊಂಡಿರುವ ಸರಳಿನ ಫೋಟೊದಿಂದ ಏನು ಸಾಬೀತಾಗುತ್ತದೆ ಎಂದು ರೇಗಿಸುತ್ತಿದ್ದೆ. ಬೇಗ ಬೇಗ ಎಂದು ಅವಸರ ಮಾಡಿದರೆ “ಒಂತೆ ಉಂತುಲೆ” ಅನ್ನುತ್ತಿದ್ದಳು, ಸ್ವಲ್ಪ ನಿಲ್ಲಿ ಅಂತ. ನನಗೆ ಬರುವ ನಾಲ್ಕಾರು ತುಳು ಮಾತುಗಳಲ್ಲಿ ಅದೊಂದು. ಉಳಿದವೆಲ್ಲ ಊಟಕ್ಕೆ ಸಂಬಂಧಪಟ್ಟವು.

ಅವಳು ಹೋದ ಮೇಲಿನ ತಿಂಗಳುಗಳು ನನಗೆ ನಿದ್ದೆಯಲ್ಲಿ ನಡೆದ ಹಾಗೆ ನೆನಪಿವೆ. ಪನ್ವೇಲಿನಿಂದ ಠಾಣೆಗೆ, ಠಾಣೆಯಿಂದ ಪನ್ವೇಲಿಗೆ ಲೋಕಲ್ ರೈಲಿನಲ್ಲಿ ಸುಮ್ಮನೆ ಹೋಗಿ ಬರುತ್ತಿದ್ದೆ. ರಬಾಳೆ ಸ್ಟೇಷನ್ನಿನ ಹತ್ತಿರ ಕಣ್ಣು ಮುಚ್ಚಿದರೆ ಪಕ್ಕದಲ್ಲಿ ಯಾರೋ ಕೂತ ಹಾಗೆ, ಕಣ್ಣು ಬಿಟ್ಟರೆ ಕಾರ್ಖಾನೆಯ ಪಾಳಿ ಮುಗಿಸಿ ಹತ್ತಿದ ಯಾವನೋ ಬಾಯಿ ತೆರೆದು ನಿದ್ದೆ ಮಾಡುತ್ತಿರುವ ಹಾಗೆ. ಡೊಂಬಿವಲಿಯಲ್ಲಿ ಗಂಡನ ಮನೆಯಲ್ಲಿರುವ ಮಗಳು ಪಲ್ಲವಿ ಬಂದು ನಮ್ಮಲ್ಲೇ ಇರು ಎಂದು ಕರೆದೊಯ್ದಳು. ಅಲ್ಲಿ ಎಲ್ಲರೂ ನನ್ನೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು, ಟೀವಿ ಕೂಡ. ತಡೆಯಲಾರದೆ ವಾರದೊಳಗೆ ವಾಪಸು ಬಂದೆ.

ಬಂದವನು ಹೊಟ್ಟೆ ಹಸಿದು ಅಕ್ಕಿ ಹುಡುಕುತ್ತ ತಪ್ಪು ಡಬ್ಬಿ ತೆರೆದೆ. ಕ್ಯಾಮೆರಾ ಸಿಕ್ಕಿತು. ಚಾರ್ಜು ಮಾಡಿ, ಕಿಟಕಿಯಾಚೆ ಒಣಗುತ್ತಿದ್ದ ಎದುರುಮನೆಯ ಹಳದಿ ಸೀರೆಗೆ ಗುರಿಯಿಟ್ಟು ಗುಂಡಿ ಒತ್ತಿದರೆ ಅದು ಒಪ್ಪಲಿಲ್ಲ. ಕಾರ್ಡು ತುಂಬಿದೆ, ಜಾಗವಿಲ್ಲ ಎಂದಿತು. ಹಳೆಯ ಸಣ್ಣ ಕಾರ್ಡು, ಅದರ ತುಂಬ ಅವಳು ತೆಗೆದ ಚಿತ್ರಗಳು.

ಹೊಸ ಕಾರ್ಡು ತರಬಾರದೇ ಎಂದು ನೀವು ಕೇಳುತ್ತೀರಿ. ತಂದಿದ್ದೆ, ಮಾರಾಯರೇ, ಅಷ್ಟು ದಡ್ಡನಲ್ಲ. ಹಾಕಿದೆ. ಹಾಕಿ, ಅಭ್ಯಾಸಬಲದಿಂದ ಹಳೆಯ ಚಿತ್ರ ನೋಡುವ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ, ಚಿತ್ರಗಳಿಲ್ಲ ಎಂದು ಬಂತು. ನಿಜ ಹೇಳುತ್ತೇನೆ, ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗಲೂ ನನಗೆ ಹಾಗಾಗಿರಲಿಲ್ಲ. ಆ ಹೊಸ ಕಾರ್ಡನ್ನು ತೆಗೆದು ಹಳೆಯದನ್ನೇ ಹಾಕಿದೆ. ಇನ್ನು ಉಳಿದದ್ದು ಒಂದೇ ದಾರಿ. ನಾನು ಒಂದು ಫೋಟೊ ತೆಗೆಯಬೇಕಾದರೆ ಅವಳದೊಂದನ್ನು ಅಳಿಸಬೇಕು.

ಮೊದಲ ದಿನ ಅಳಿಸುವುದು ಸುಲಭ ಅಂದುಕೊಂಡಿದ್ದೆ, ಯಾಕೆಂದರೆ ಒಂದೇ ವಸ್ತುವನ್ನು ಅವಳು ಹತ್ತು ಹನ್ನೆರಡು ಸಲ ತೆಗೆಯುತ್ತಿದ್ದಳು. ಸರಳಿನ ತುದಿಗಳು, ಮತ್ತೆ ಸರಳಿನ ತುದಿಗಳು, ಮತ್ತೆ ಅವೇ. ಒಂದು ಹೋದರೆ ಏನು ಮಹಾ? ಆದರೆ ಯಾವುದನ್ನು? ಆರಿಸಬೇಕಾದರೆ ನೋಡಬೇಕಲ್ಲ. ನೋಡುತ್ತ ಕೂತೆ. ಮೊದಲನೆಯದರಲ್ಲಿ ಬೆಳಕು ಒಂದು ತುದಿಗೆ ತಾಗಿದೆ. ಮುಂದಿನದರಲ್ಲಿ ಪಕ್ಕದ ಎರಡಕ್ಕೆ. ಅದರ ಮುಂದಿನದರಲ್ಲಿ ಎಲ್ಲಿಂದಲೋ ಒಂದು ಗುಬ್ಬಿ. ಆಮೇಲೆ ಗುಬ್ಬಿ ಇಲ್ಲ, ಅದು ಹಾರಿದಾಗ ಎದ್ದ ಧೂಳು ಮಾತ್ರ ಬಿಸಿಲಲ್ಲಿ ನಿಂತಿದೆ. ಒಂದೇ ಚಿತ್ರ ಅಂದುಕೊಂಡದ್ದು ಒಂದಿಡೀ ಬೆಳಗಾಗಿತ್ತು. ಅವಳ ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದ ನನ್ನ ಕಣ್ಣಿಗೆ ಆ ಗುಬ್ಬಿ ಬಿದ್ದಿರಲಿಲ್ಲ. ನನ್ನ ಗಮನ ಚಹಾದ ಮೇಲಿತ್ತು ಅಂತ ಕಾಣುತ್ತದೆ.

ಕೊನೆಗೆ, ಕೈ ಅಲುಗಿ ಮಸುಕಾದ ಒಂದನ್ನು ಅಳಿಸಿದೆ. ಖಂಡಿತವಾಗಿ ಅಳಿಸಬೇಕೇ ಎಂದು ಕ್ಯಾಮೆರಾ ಇನ್ನೊಮ್ಮೆ ಕೇಳುತ್ತದೆ, ಅದೊಂದು ದೊಡ್ಡ ಹಿಂಸೆ. ಹೂಂ ಎಂದು ಒತ್ತಿ, ಸೀರೆಯ ಫೋಟೊ ತೆಗೆಯಲು ತಿರುಗಿದರೆ ಎದುರುಮನೆಯಾಕೆ ಅದನ್ನು ಮಡಚಿ ಒಳಗೆ ಒಯ್ದಿದ್ದಳು. ಬರೀ ಹಗ್ಗದ ಫೋಟೊ ತೆಗೆದೆ. ನನ್ನ ಮೊದಲ ಚಿತ್ರ ಅದು. ಈಗಲೂ ಇದೆ.

ಹಾಗೆ ಶುರುವಾಗಿ ಅದೇ ನನ್ನ ಭಾನುವಾರದ ವ್ರತವಾಯಿತು. ಕಳಂಬೋಲಿಗೆ ಹೋಗುವುದು, ಅವಳು ನಿಲ್ಲುತ್ತಿದ್ದಲ್ಲಿ ನಿಲ್ಲುವುದು, ಅವಳ ಚಿತ್ರಗಳನ್ನು ನಿಧಾನವಾಗಿ ನೋಡುವುದು, ಒಂದನ್ನು ಬೀಳ್ಕೊಡುವುದು, ಒಂದನ್ನು ತೆಗೆಯುವುದು. ವಾರವಿಡೀ ನೆಲ ಸಿಗದೆ ತೇಲುತ್ತಿದ್ದ ಜೀವಕ್ಕೆ ಆ ಹೊತ್ತಿನಲ್ಲಿ ಮಾತ್ರ ಕಾಲು ಊರಿದ ಹಾಗಾಗುತ್ತಿತ್ತು. ಜತೆಗೇ ಒಂದು ಭಯ. ಹೀಗೇ ಮಾಡುತ್ತ ಹೋದರೆ ಒಂದು ದಿನ ಕಾರ್ಡಿನ ತುಂಬ ನಾನೇ ಇರುತ್ತೇನೆ, ಜಲಜಾ ಇರುವುದಿಲ್ಲ. ಅವಳನ್ನು ಅಳಿಸಿ ಅಲ್ಲಿ ಏನನ್ನು ತುಂಬುತ್ತಿದ್ದೇನೆ ನಾನು? ಹಗ್ಗ, ಗೋಡೆ, ಫೋಟೊದ ಮೂಲೆಯಲ್ಲಿ ನನ್ನದೇ ಹೆಬ್ಬೆರಳು.

ಮಾರ್ಕೆಟ್ಟಿನ ಮೂಲೆಯಲ್ಲಿ ನೀಲಮ್ಮನ ಚಹಾದಂಗಡಿ. ಕಲಬುರಗಿ ಕಡೆಯಾಕೆ, ಗಂಡ ಅಲ್ಲೇ ಲೋಡಿಂಗ್ ಕೆಲಸ ಮಾಡುತ್ತಾನೆ. ನಾನು ಒಬ್ಬನೇ ಹೋದ ಮೊದಲ ಭಾನುವಾರ ಆಕೆ ಗ್ಲಾಸು ತೊಳೆಯುತ್ತ ಕೇಳಿದಳು, “ಅಕ್ಕಾರು ಯಾಕ ಬಂದಿಲ್ರೀ? ಮೈಯಾಗ ಆರಾಮ ಇಲ್ಲೇನು?”

ಕಚೇರಿಯಲ್ಲಿ ಇಂಗ್ಲಿಷಿನಲ್ಲಿ, ಸೊಸೈಟಿಯಲ್ಲಿ ಹಿಂದಿಯಲ್ಲಿ, ಬ್ಯಾಂಕಿನಲ್ಲಿ ಮರಾಠಿಯಲ್ಲಿ ಆ ಸುದ್ದಿಯನ್ನು ಎಷ್ಟೋ ಸಲ ಹೇಳಿದ್ದೆ, ಇನ್ಯಾರದೋ ಸಮಾಚಾರ ಹೇಳುವ ಹಾಗೆ. ಕನ್ನಡದಲ್ಲಿ ಹೊರಗಿನವರ ಮುಂದೆ ಅವತ್ತೇ ಮೊದಲು. “ಅವರು ತೀರಿಕೊಂಡರು, ನೀಲಮ್ಮ” ಎಂದೆ. ಹೇಳಿದ ಮೇಲೆ ಅದು ನಿಜವಾಯಿತು. ಆಕೆ ಅಯ್ಯೋ ಅನ್ನಲಿಲ್ಲ. ಬೆಂಚನ್ನು ಸೆರಗಿನಿಂದ ಒರೆಸಿ “ಕೂಡ್ರಿ” ಎಂದಳು. ಕೂತೆ. ಚಹಾ ಸೋಸಿ ಕೊಟ್ಟು, “ಅಕ್ಕಾರು ಅಲ್ಲಿ ನಿಂತ್ರ ಉಸಿರಾಡತಾರೋ ಇಲ್ಲೋ ಅನ್ನಸ್ತಿತ್ರೀ. ನಾನೂ ಒಂದೆರಡು ಸಲ ಹೋಗಿ ನಿಂತು ನೋಡೀನಿ, ಏನು ಕಾಣತೈತಿ ಅಂತ” ಎಂದಳು.

“ಏನು ಕಂಡಿತು?”

“ನನಗ ಎಲ್ರೀ ಪುರಸೊತ್ತು? ಹಾಲು ಉಕ್ಕಿತು, ಓಡಿ ಬಂದೆ.”

ನನಗೆ ನಗು ಬಂತು. ಜಲಜಾ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು, ನಕ್ಕು ಗಾಬರಿಯೂ ಆಯಿತು.

ಪಲ್ಲವಿಗೆ ಇದೊಂದನ್ನೂ ನಾನು ಹೇಳಿರಲಿಲ್ಲ. ದೀಪಾವಳಿಗೆ ಬಂದವಳು, ಸೋಫಾದ ಮೇಲೆ ಕ್ಯಾಮೆರಾ ಹಿಡಿದು ಕೂತ ನನ್ನ ಹಿಂದೆ ಬಂದು ನಿಂತಿದ್ದಾಳೆ, ನನಗೆ ಗೊತ್ತಿಲ್ಲ. ಖಂಡಿತವಾಗಿ ಅಳಿಸಬೇಕೇ ಎಂದು ಅದು ಕೇಳಿತು, ನಾನು ಒತ್ತಿದೆ.

“ಅಪ್ಪಾ, ಯೇ ಕ್ಯಾ ಚಲ್ ರಹಾ ಹೈ? ಅಮ್ಮನ ಫೋಟೊ ಡಿಲೀಟ್ ಮಾಡ್ತಾ ಇದ್ದೀಯಾ?”

ವಿವರಿಸಲು ಹೋದೆ. ಒಂದೊಂದೇ ಕಣಮ್ಮ, ತುಂಬಾ ಹೊತ್ತು ನೋಡಿ ಆಮೇಲೇ ಅಳಿಸ್ತೀನಿ ಎಂದೆ. “ವೇಡ ಲಾಗ್ಲಂ ಕಾ ತುಲಾ?” ಎಂದಳು; ಹುಚ್ಚು ಹಿಡಿದಿದೆಯಾ ನಿನಗೆ ಅಂತ. ಅವಳಿಗೆ ಸಿಟ್ಟು ಏರಿದರೆ ಮರಾಠಿಯೇ ಬರುವುದು. ಕಾಪಿ ಎಲ್ಲಿ ಎಂದಳು. ಕಾಪಿ ಮಾಡಿಲ್ಲ ಎಂದೆ. ಮೊದಮೊದಲು ಸೋಮಾರಿತನ, ಆಮೇಲೆ ಬೇಡವೆನ್ನಿಸಿತ್ತು. ಪ್ರತಿಯೊಂದನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಬೀಳ್ಕೊಡುವ ಆಟ ಆಡಿದರೆ ಅಷ್ಟು ಹೊತ್ತು ನೋಡುತ್ತಿದ್ದೆನೇ ನಾನು? ಆದರೆ ಇದನ್ನೆಲ್ಲ ಮಗಳಿಗೆ ಹೇಗೆ ಹೇಳುವುದು? ಅವಳು ಅಳುತ್ತ ಹೇಳಿದ ಮಾತು ಮಾತ್ರ ನನ್ನೊಳಗೆ ನಾಟಿಕೊಂಡಿತು.

“ಅಮ್ಮ ಏಕ್ ಹೀ ಬಾರ್ ಹೋದ್ಲು ಅಪ್ಪಾ. ನೀನು ಅವಳನ್ನ ಥೋಡಾ ಥೋಡಾ ಕಳಿಸ್ತಾ ಇದ್ದೀಯ.”

ಅವತ್ತು ಹೋದವಳು ಬಹಳ ದಿನ ಬರಲಿಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎಂದು ಕೇಳಿ ಫೋನ್ ಇಡುತ್ತಿದ್ದಳು. ಹೆಂಡತಿಯ ಜತೆ ಮಗಳನ್ನೂ ಕಳೆದುಕೊಂಡೆನಲ್ಲ ಎಂದು ಸಂಕಟವಾಗುತ್ತಿತ್ತು. ಒಂದೇ ಸಲ ಹೋದವಳನ್ನು ಸ್ವಲ್ಪ ಸ್ವಲ್ಪವಾಗಿ ಕಳಿಸುತ್ತಿದ್ದೀಯ ಎಂಬ ಅವಳ ಮಾತನ್ನು ಮೆಲುಕು ಹಾಕುತ್ತ ಎಷ್ಟೋ ಲೋಕಲ್ಲು ಹತ್ತಿ ಇಳಿದೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಧ್ಯಾಹ್ನ ಇದ್ದವಳು ಸಂಜೆಗಿಲ್ಲ ಅಂದರೆ ಯಾವ ಮನುಷ್ಯನಿಗೆ ಅದು ಒಂದೇ ಗುಟುಕಿಗೆ ಇಳಿಯುತ್ತದೆ? ನನಗೆ ಅವಳನ್ನು ಸ್ವಲ್ಪ ಸ್ವಲ್ಪವಾಗಿಯೇ ಕಳಿಸಬೇಕಾಗಿತ್ತು. ಇದನ್ನು ಒಂದು ದಿನ ಫೋನಿನಲ್ಲಿ ಹಾಗೇ ಹೇಳಿಬಿಟ್ಟೆ. ಆ ಕಡೆ ಅವಳು ಟೀವಿ ಆರಿಸಿದ ಸದ್ದು ಕೇಳಿಸಿತು. ಆಮೇಲೆ, “ಕಮ್ ಸೆ ಕಮ್ ನಿನಗೆ ಇಷ್ಟ ಆಗಿದ್ದು ಒಂದಷ್ಟು ಪ್ರಿಂಟ್ ತೆಗೆಸು. ಸಂಡೇ ನಾನೂ ಬರ್ತೀನಿ, ಸುಮ್ನೆ ನೋಡೋಕೆ” ಎಂದಳು.

ಆ ಸಂಡೇ ಇವತ್ತು. ರಾತ್ರಿಯೇ ಬಂದು ಮಲಗಿದ್ದಳು. ಬೆಳಿಗ್ಗೆ ಇಬ್ಬರೂ ರಿಕ್ಷಾ ಹಿಡಿದು ಕಳಂಬೋಲಿಗೆ ಹೋದೆವು, ನಾನು ಕ್ಯಾಮೆರಾ, ಅವಳು ಪನ್ವೇಲಿನ ಸ್ಟುಡಿಯೋದಿಂದ ಬಂದ ಪ್ರಿಂಟುಗಳ ಲಕೋಟೆ ಹಿಡಿದುಕೊಂಡು. ನೀಲಮ್ಮ ಅವಳ ಮುಖವನ್ನೇ ನೋಡಿ “ಅಕ್ಕಾರ ಮಗಳಲ್ರೀ?” ಎಂದಳು. ನಾನು ಹೇಳಬೇಕಾಗಲಿಲ್ಲ. ಲಕೋಟೆ ಬೆಂಚಿನ ಮೇಲೆ ಬಿಚ್ಚಿಕೊಂಡಿತು, ಪ್ರಿಂಟುಗಳು ನೀಲಮ್ಮನ ಕೈಗೆ ಹೋಗಿ, ಆಕೆಯ ಗಂಡನ ಕೈಗೆ ಹೋಗಿ, ಲಾರಿ ತೊಳೆಯುತ್ತಿದ್ದ ಇಬ್ಬರ ಕೈಗೂ ಹೋಗಿ, ಪೂರ್ತಿ ಕಲಸಿಕೊಂಡು ವಾಪಸು ಬಂದವು. ಪಲ್ಲವಿ ಒಂದೊಂದನ್ನೇ ತೆಗೆದು ಇದು ಅಮ್ಮ, ಇದು ನೀನು, ಇದೂ ನೀನು, ಮೂಲೇಲಿ ನಿನ್ನ ಅಂಗೂಠಾ ಕಾಣ್ತಾ ಇದೆ ಎಂದು ವಿಂಗಡಿಸುತ್ತ ಹೋದಳು. ಒಂದರ ಮುಂದೆ ಅವಳ ಕೈ ನಿಂತಿತು.

ಪೇರಿಸಿಟ್ಟ ದೊಡ್ಡ ಪೈಪುಗಳು. ಅದರಲ್ಲಿ ಒಂದರೊಳಗಿಂದ ಮಾತ್ರ ಬಿಸಿಲು ಆಚೆಯಿಂದ ಈಚೆಗೆ ಹಾದುಬಂದು ನೆಲದ ಮೇಲೆ ದೋಸೆಯಷ್ಟು ದುಂಡಗೆ ಬಿದ್ದಿದೆ. ಆ ಬೆಳಕಿನಲ್ಲಿ ಒಂದು ನಾಯಿ, ಮೈ ಪೂರ್ತಿ ಹಿಡಿಸದೆ, ಬರೀ ಮುಖ ಇಟ್ಟುಕೊಂಡು ಮಲಗಿದೆ.

“ಇದು ಯಾರ್ದು?”

ನನಗೆ ಗೊತ್ತಾಗಲಿಲ್ಲ. ನಾನು ತೆಗೆದದ್ದೇ ಅನ್ನಿಸಿತು. ಆ ನಾಯಿ ಏಳದಿರಲಿ ಎಂದು ಬೇಡಿಕೊಂಡು ನಿಂತದ್ದು ನೆನಪಿತ್ತು. ಆದರೆ ಜಲಜಾಳ ಪಕ್ಕದಲ್ಲಿ ಚೀಲ ಹಿಡಿದುಕೊಂಡು ಹಾಗೆ ಬೇಡಿಕೊಂಡದ್ದೂ ಅಷ್ಟೇ ನೆನಪಿತ್ತು. ಗೊತ್ತಿಲ್ಲ ಎಂದೆ. ಪ್ರಿಂಟಿನ ಹಿಂದೆ ಸ್ಟುಡಿಯೋದವರು ಸಣ್ಣ ಅಕ್ಷರದಲ್ಲಿ, ಫೋಟೊ ತೆಗೆದ ತಾರೀಖನ್ನು ಒತ್ತಿರುತ್ತಾರೆ. ಅದು ಅವಳಿಗೂ ಹೊಳೆಯಿತು. ತಿರುಗಿಸಲು ಹೊರಟಳು. ಜಲಜಾಳದಾದರೆ ಅವಳದೊಂದು ಹೆಚ್ಚು ಉಳಿಯಿತು. ನನ್ನದಾದರೆ ಅವಳು ನಿಲ್ಲುತ್ತಿದ್ದಂತೆ ಒಂದು ಸಲವಾದರೂ ನಾನು ನಿಂತಿದ್ದೆ.

“ತಿರುಗಿಸಬೇಡ” ಎಂದು ಅವಳ ಕೈ ಹಿಡಿದೆ.

ಅವಳು ನನ್ನ ಮುಖ ನೋಡಿದಳು, ಚಿತ್ರವನ್ನು ನೋಡಿದಳು. ಕಣ್ಣು ತುಂಬಿಕೊಂಡವು. “ಇರ್ಲಿ ಬಿಡು” ಎಂದು ಅದನ್ನು ಹಾಗೇ ತನ್ನ ಪರ್ಸಿನಲ್ಲಿಟ್ಟುಕೊಂಡಳು. ನನ್ನ ಕೊರಳಿಂದ ಕ್ಯಾಮೆರಾವನ್ನು ಮೆಲ್ಲಗೆ ತೆಗೆದುಕೊಂಡಳು. ಗುಂಡಿ ಒತ್ತಿದಳು. ಜಾಗವಿಲ್ಲ ಎಂದಿತು. ಬೆಂಚಿನ ಆ ತುದಿಗೆ ಸರಿದು, ನನಗೆ ಬೆನ್ನು ಮಾಡಿ, ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದಳು. ನೀಲಮ್ಮ ಎರಡು ಸಲ ಚಹಾ ಬಿಸಿಮಾಡಿದಳು. ಆಮೇಲೆ ಪಲ್ಲವಿಯ ಭುಜ ಒಮ್ಮೆ ಮೇಲೆದ್ದು ಇಳಿಯಿತು, ಹೆಬ್ಬೆರಳು ಒತ್ತಿತು, ಇನ್ನೊಮ್ಮೆ ಒತ್ತಿತು. ಯಾವುದನ್ನು ಅಳಿಸಿದಳೆಂದು ನಾನು ಕೇಳಲಿಲ್ಲ.

ಎದ್ದು ಹೋಗಿ ಸರಳುಗಳ ಮುಂದೆ ನಿಂತಳು. ಅವುಗಳ ತುದಿಗೆ ಬೆಳಕು ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ಇನ್ನೊಂದು ಚಹಾ ಹೇಳಿದೆ.