ಗಡಿಯಾರ ಓವನ್‌ನ ಹೊರಗೆ

ಶೇಷಪ್ಪನ ಎಡಗಣ್ಣು ಹೋಯಿತು. ಅಜ್ಜಾವರದ ತೋಟವೊಂದರಲ್ಲಿ ಅಡಿಕೆ ಗೊನೆ ಕೊಯ್ಯುತ್ತಿದ್ದಾಗ ದೋಟಿ ನಡುವಿನಲ್ಲಿ ಮುರಿದು, ಚೂಪಾದ ತುದಿ ಮುಖಕ್ಕೇ ಬಂತು. ಆ ದೋಟಿಯನ್ನು ಓವನ್‌ನಿಂದ ಹೊರಗೆ ತೆಗೆಸಿದವನು ನಾನು.

ದೋಟಿ ಎಂದರೆ ಈಗ ಬಿದಿರಲ್ಲ. ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ಕೋಲು. ಪುತ್ತೂರಿನ ಹೊರಗೆ ಒಂದು ಶೆಡ್ಡಿನಲ್ಲಿ ನನ್ನ ತಮ್ಮನ ಮಗಳು ಸುಮನಾ ಅದನ್ನು ತಯಾರಿಸುತ್ತಾಳೆ. ಕಾರ್ಬನ್ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ಸುತ್ತಿ, ಓವನ್‌ನಲ್ಲಿ ಬೇಯಿಸುವುದು. ನಿವೃತ್ತ ಹೆಡ್‌ಮಾಸ್ಟರನಾದ ನನಗೆ ರಿಜಿಸ್ಟರ್ ಬರೆಯುವ ಕೆಲಸ. (ಮೂವತ್ತು ವರ್ಷ ಬೆಲ್ ಹೊಡೆಸಿದವನಿಗೆ ಇನ್ನೇನು ಕೊಡುತ್ತಾರೆ?)

ಕಳೆದ ವರ್ಷ ಸುಮನಾ ಹೊಸದೊಂದು ತಂದಳು. ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಪ್ರತಿ ಸಲ ಓವನ್‌ಗೆ ಹೋಗುವ ದೋಟಿಗಳಲ್ಲಿ ಒಂದರ ಪದರಗಳ ನಡುವೆ ಅದನ್ನು ಇಡುತ್ತಾಳೆ. ಎಳೆಯೊಳಗೆ ಬೆಳಕು ಹರಿಯುತ್ತದೆ. ಒಳಗಿನ ಅಂಟು ಗಟ್ಟಿಯಾಗುತ್ತಾ ಬಂದಂತೆ ಸ್ಕ್ರೀನಿನಲ್ಲಿ ಗೆರೆ ಏರುತ್ತದೆ. ಪೂರ್ತಿ ಗಟ್ಟಿಯಾದಾಗ ಏರುವುದು ನಿಂತು ಗೆರೆ ಅಡ್ಡಕ್ಕೆ ಮಲಗುತ್ತದೆ.

"ಗೆರೆ ಮಲಗುವ ತನಕ ಬಾಗಿಲು ತೆಗೀಬೇಡಿ ದೊಡ್ಡಪ್ಪ" ಎಂದಿದ್ದಳು.

ಆ ದಿನ ಅವಳು ಕಡಬಕ್ಕೆ ಹೋಗಿದ್ದಳು. ನಡುವೆ ಕರೆಂಟ್ ಹೋಗಿ, ಓವನ್ ತಣಿದ ಮೇಲೆ ಬಂತು. ಗಡಿಯಾರ ಮಾತ್ರ ನಿಲ್ಲಲಿಲ್ಲ. ಬೇಯಿಸಲು ಗೊತ್ತುಮಾಡಿದ್ದ ಮೂರು ಗಂಟೆ ಹನ್ನೆರಡೂವರೆಗೆ ಸರಿಯಾಗಿ ತುಂಬಿತು.

"ತೆಗಿ" ಎಂದೆ.

ಓವನ್ ನೋಡಿಕೊಳ್ಳುವ ಲೀಲಾ ಅಲುಗಲಿಲ್ಲ. "ಗೆರೆ ಇನ್ನೂ ಹತ್ತುತ್ತಾ ಉಂಟು ಸರ್."

"ಗಡಿಯಾರ ನೋಡ್ಲಿಕ್ಕೆ ಬರ್ತದಲ್ಲ ನಿನಗೆ?"

"ಬರ್ತದೆ. ಗಡಿಯಾರ ಓವನ್‌ನ ಹೊರಗೆ ಉಂಟಲ್ಲ ಸರ್."

ನಾನು ನಕ್ಕೆ. ಹೆಡ್‌ಮಾಸ್ಟರುಗಳು ನಗುವ ರೀತಿಯಲ್ಲಿ. ಅವಳು ಬಾಗಿಲು ತೆಗೆದಳು. ತಣಿದ ದೋಟಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದೆ, ತೆಂಗಿನಕಾಯಿ ಬಡಿದು ನೋಡುವ ಹಾಗೆ. ಟಣ್ ಎಂದಿತು. ಇನ್ನೇನು ಬೇಕು? ರಿಜಿಸ್ಟರಿನಲ್ಲಿ ಬರೆದೆ: "ಸಮಯಕ್ಕೆ ಸರಿಯಾಗಿ ತೆಗೆಯಲಾಗಿದೆ."

ಟಣ್ ಎಂದದ್ದು ಹೊರಗಿನ ಪದರ. ಒಳಗೆ ಅಂಟು ಹಸಿಯಾಗಿಯೇ ಇತ್ತು. ದೋಟಿ ಮುರಿದ ಮೇಲೆ ಸುಮನಾ ಆ ದಿನದ ಗೆರೆಯನ್ನು ತೆಗೆದು ತೋರಿಸಿದಳು. ಏರುತ್ತಿದ್ದ ಗೆರೆ ಹನ್ನೆರಡೂವರೆಗೆ ಕತ್ತರಿಸಿದಂತೆ ನಿಂತಿತ್ತು. ಆ ಸಲ ಬೇಯಿಸಿದ್ದ ಉಳಿದ ದೋಟಿಗಳನ್ನು ವಾಪಸು ತರಲು ಜೀಪು ಹತ್ತಿದಳು.

ನಾನು ಶೇಷಪ್ಪನ ಮನೆಗೆ ಹೋದೆ. ಕಣ್ಣಿಗೆ ಕಟ್ಟು ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದ. "ನಾನೇ ಜೋರು ಎಳೆದೆ ಕಾಣ್ತದೆ ಸರ್. ನಿಮ್ಮ ದೋಟಿ ಹಾಳಾಯ್ತು" ಎಂದ. ಮತ್ತೆ ತಾನೇ ಹೇಳಿದ: "ಇನ್ನು ನನ್ನಿಂದ ಈ ಕೆಲಸ ಆಗುದಿಲ್ಲ. ಒಂದು ಕಣ್ಣಲ್ಲಿ ನೋಡಿದ್ರೆ ದೋಟಿಯ ಕೊಕ್ಕೆ ಎಷ್ಟು ದೂರ, ಗೊನೆ ಎಷ್ಟು ದೂರ ಅಂತ ಅಂದಾಜೇ ಸಿಗುದಿಲ್ಲ."

ನಡೆದದ್ದನ್ನು ಹೇಳಿದೆ. ಪೂರ್ತಿ.

"ಇನ್ನೆಷ್ಟು ಹೊತ್ತು ಬಿಡ್ಬೇಕಿತ್ತು ಸರ್?"

"ನಲವತ್ತು ನಿಮಿಷ."

"ಅಷ್ಟೆಯಾ?"

ಆ ನಲವತ್ತು ನಿಮಿಷದಲ್ಲಿ ನಾನು ಮನೆಗೆ ಹೋಗಿ, ಸಮಯಕ್ಕೆ ಸರಿಯಾಗಿ ಊಟ ಮಾಡಿದ್ದೆ.