ಎರಡು ಸಲ ಕುಟ್ಟಿದ ಬೂಟು

ನಂಗಲಿಯ ಹೆದ್ದಾರಿಯಲ್ಲಿ ಲಾರಿಗಿಂತ ಜೋರಾದ ಸದ್ದನ್ನು ನಾವು ಕೇಳಿರದ ಕಾಲ ಅದು. ನಾನಾಗ ಐದನೇ ಕ್ಲಾಸು. ಒಂದು ಬೆಳಿಗ್ಗೆ ಇಪ್ಪತ್ತು ಬುಲೆಟ್‌ಗಳು ಗುಡುಗುಟ್ಟುತ್ತಾ ಬಂದು ನಮ್ಮ ಮನೆ ಮುಂದೆ ನಿಂತವು. ಯುದ್ಧ ಮಾಡಿ ಬಂದ ಹಿರಿಯರನ್ನು ಹುಡುಕಿ ಸನ್ಮಾನ ಮಾಡುವ ಸವಾರರಂತೆ ಅವರು. ಎಪ್ಪತ್ತೊಂದರ ಯುದ್ಧದಲ್ಲಿದ್ದ ನಮ್ಮ ತಾತನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಮ್ಮ ಶಾಲೆಗೆ ಹೊರಟರು. "ಪ್ರೋಗ್ರಾಂ ಮುಗೀಲಿ ಪುಟ್ಟಿ, ನಿಂಗೂ ಒಂದು ರೌಂಡು," ಎಂದ ಒಬ್ಬ ಗಡ್ಡದ ಸವಾರ. ಅವನ ಚರ್ಮದ ಜಾಕೆಟ್ಟಿನ ಪೆಟ್ರೋಲು, ಬೆವರಿನ ವಾಸನೆ ನನಗೆ ಆ ದಿನ ಮಲ್ಲಿಗೆಗಿಂತ ಇಷ್ಟವಾಗಿತ್ತು.

ತಾತನ ಗುಟ್ಟೊಂದು ನನಗೆ ಮಾತ್ರ ಗೊತ್ತಿತ್ತು. ಒಂದಕ್ಕೆ ಬಂದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ಬಸ್ಸಿನಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ಕೋಲನ್ನು ಎರಡು ಸಲ ಕುಟ್ಟಿದರೆ ಸಾಕು, ನಾನು ಕೈ ಹಿಡಿದು ಮರೆಗೆ ಕರೆದುಕೊಂಡು ಹೋಗುತ್ತಿದ್ದೆ. ಇದನ್ನು ಅವನು ಸ್ವಂತ ಮಗನಿಗೂ ಹೇಳಿರಲಿಲ್ಲ.

ಸವಾರರಿಗೇನು ಗೊತ್ತು, ಪಾಪ. ಪ್ರೀತಿಯಿಂದ ಎರಡು ಎಳನೀರು ಕುಡಿಸಿದರು, ಅದರ ಮೇಲೊಂದು ಲೋಟ ಮಜ್ಜಿಗೆ. ಫೋಟೋದಲ್ಲಿ ಚೆನ್ನಾಗಿರಲ್ಲವೆಂದು ಕೋಲು ತೆಗೆದಿಟ್ಟರು. ತಲೆಗೆ ಪೇಟ, ಹೆಗಲಿಗೆ ಶಾಲು, ಕೊರಳಿಗೆ ಮೊಣಕಾಲು ಮುಟ್ಟುವ ಹಾರ, ತೊಡೆ ಮೇಲೆ ಹಣ್ಣಿನ ಬುಟ್ಟಿ. ತಾತ ಅಲ್ಲಾಡುವಂತಿರಲಿಲ್ಲ. ಭಾಷಣಗಳಂತೂ ಮುಗಿಯುವ ಲಕ್ಷಣವೇ ಇಲ್ಲ. ಮಧ್ಯದಲ್ಲಿ ಎದ್ದರೆ ಮರ್ಯಾದೆಯಲ್ಲವೆಂದು ಅವನು ವೇದಿಕೆ ಮೇಲೆ, ಅಲ್ಲಾಡಿದರೆ ಬೆತ್ತವೆಂದು ನಾನು ಮಣ್ಣಿನ ಮೇಲೆ. ಇಬ್ಬರೂ ಸಿಕ್ಕಿಹಾಕಿಕೊಂಡಿದ್ದೆವು.

ಹುಡುಗಿಯರು ದೇಶಭಕ್ತಿ ಗೀತೆ ಹಾಡುವಾಗ ತಾತನ ಬೂಟು ಎರಡು ಸಲ ಕುಟ್ಟಿತು. ಮತ್ತೆ ಎರಡು ಸಲ.

"ನೋಡ್ರೋ, ತಾತ ತಾಳ ಹಾಕ್ತಾವ್ರೆ!" ಎಂದು ಯಾರೋ ಕೂಗಿದರು, ಜನ ಚಪ್ಪಾಳೆ ತಟ್ಟಿದರು. ತಾತನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ.

ಹಾಡು ನಿಂತದ್ದೇ ಎದ್ದು ನಿಂತೆ. "ಮಿಸ್, ನಂಗೆ ಒಂದಕ್ಕೆ ಅರ್ಜೆಂಟು! ತಾತ ಬಂದ್ರೇನೇ ಹೋಗೋದು!"

ಶಾಲೆಗೆ ಶಾಲೆಯೇ ನಕ್ಕಿತು. "ಕತ್ತೆ ವಯಸ್ಸಾಯ್ತು, ನಾಚ್ಕೆ ಆಗಲ್ವೇನೇ? ಕೂತ್ಕೊ!" ಎಂದು ಮಿಸ್ ಗದರಿದರು. ನಾನು ನಿಜವಾಗಿಯೂ ಅತ್ತುಬಿಟ್ಟೆ. ಗಡ್ಡದ ಸವಾರನೇ ತಾತನ ತೊಡೆ ಮೇಲಿನ ಬುಟ್ಟಿ ಎತ್ತಿಕೊಂಡು, "ಹೋಗ್ಬನ್ನಿ ಸಾರ್, ಮಗು ಅಳ್ತಾ ಇದೆ," ಎಂದ.

ಶಾಲೆಯ ಹಿಂದಿನ ಹೊಂಗೆಮರದ ಮರೆಯಿಂದ ತಾತ ಈಚೆ ಬಂದಾಗ ಬಟ್ಟೆ ಒದ್ದೆಯಾಗಿರಲಿಲ್ಲ. ಪೇಟ ತೆಗೆದು ನನ್ನ ತಲೆಗಿಟ್ಟ.

"ನನ್ನಿಂದ ನಿನ್ ಮಾನ ಹೋಯ್ತಲ್ಲೇ ಅಮ್ಮಣ್ಣಿ."

"ಹೋದ್ರೆ ಹೋಗ್ಲಿ ತಾತ. ಬುಲೆಟ್ ರೌಂಡು ಕೇಳು."

ರೌಂಡು ಸಿಕ್ಕಿತು. ಏಳನೇ ಕ್ಲಾಸು ಮುಗಿಯುವವರೆಗೆ 'ಅರ್ಜೆಂಟು' ಎಂಬ ಅಡ್ಡಹೆಸರೂ ಸಿಕ್ಕಿತು. ಒಮ್ಮೆ ರೇಗಿಸುವ ಹುಡುಗರಿಗೆ ನಿಜ ಹೇಳಲು ಹೊರಟ ತಾತನ ಬಾಯಿಯನ್ನು ನಾನೇ ಮುಚ್ಚಿದ್ದೆ.

ಈ ವರ್ಷ ಸವಾರರು ಮತ್ತೆ ಬಂದರು. ತಾತ ಹೋಗಿ ನಾಲ್ಕು ವರ್ಷವಾಯಿತು; ಅವನ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಎರಡು ಪುಟ ಬರೆದುಕೊಂಡು ಹೋಗಿದ್ದೆ. ನಾಲ್ಕು ಸಾಲು ಓದುವಷ್ಟರಲ್ಲಿ, ವೇದಿಕೆ ಮೇಲಿದ್ದ ಆವನಿ ಊರ ಕಡೆಯ ಹಿರಿಯ ಸೈನಿಕರೊಬ್ಬರು ಹಾರದ ಕೆಳಗೆ ಎರಡೂ ಮೊಣಕಾಲು ಒಂದಕ್ಕೊಂದು ಒತ್ತಿಹಿಡಿದು ಕೂತಿದ್ದು ಕಣ್ಣಿಗೆ ಬಿತ್ತು. ಕಾಗದ ಮಡಿಸಿದೆ.

"ಕ್ಷಮಿಸಿ, ನಂಗೆ ಸ್ವಲ್ಪ ಅರ್ಜೆಂಟು. ಎಲ್ಲರಿಗೂ ಹತ್ತು ನಿಮಿಷ ಬಿಡುವು," ಎಂದು ಮೈಕಿನಲ್ಲೇ ಹೇಳಿದೆ.

ಜನ ನಕ್ಕರು. ಆ ಹಿರಿಯರು ಹಾರ ತೆಗೆದಿಟ್ಟು, ಕೋಲೂರಿಕೊಂಡು ಒಬ್ಬರೇ ಮೆಟ್ಟಿಲಿಳಿದು ಹೋದರು. ನನಗೇ ತಿಳಿಯದಂತೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅದನ್ನು ಹಿಡಿಯುತ್ತಿದ್ದ ತಾತ ಈಗ ಇಲ್ಲ.